ಫಾಕ್ಸ್‌ಗ್ಲವ್ ಬೀಜಕ್ಕೆ ಮಣ್ಣು ಮುಚ್ಚಬೇಡಿ

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಹಿತ್ತಿಲಲ್ಲಿ ಮೆಂತ್ಯ, ಕೊತ್ತಂಬರಿಯನ್ನು ಚೆನ್ನಾಗಿಯೇ ಬೆಳೆಯುತ್ತಾರೆ. ಫಾಕ್ಸ್‌ಗ್ಲವ್ ಎಂಬ ಹೂಗಿಡದ ಬೀಜ ಬಿತ್ತಿದಾಗ ಮಾತ್ರ ತಿಂಗಳು ಕಾದು, ‘ಬೀಜವೇ ಜೊಳ್ಳು’ ಎಂದು ಕೈಬಿಡುತ್ತಾರೆ. ನಾನು ನೋಡಿದ ಮನೆಗಳಲ್ಲೆಲ್ಲ ತಪ್ಪು ಬೀಜದ್ದಾಗಿರಲಿಲ್ಲ. ಮೆಂತ್ಯದ ಹಾಗೆ ಅದರ ಮೇಲೂ ಮಣ್ಣೆಳೆದಿದ್ದರು.

ಈ ಬೀಜ ಗಸಗಸೆಗಿಂತ ಸಣ್ಣದು. ಅಂಗೈಗೆ ಸುರಿದುಕೊಂಡರೆ ನಶ್ಯದ ಪುಡಿಯಂತೆ ಕಾಣುತ್ತದೆ. ಮೊಳೆಯಲು ಅದಕ್ಕೆ ಬೆಳಕು ಬೇಕು.

ಮೇ ಕೊನೆಯಿಂದ ಜುಲೈವರೆಗೆ ಬಿತ್ತಿ. ತಳದಲ್ಲಿ ತೂತಿರುವ ಟ್ರೇಗೆ ಕಾಂಪೋಸ್ಟ್ ತುಂಬಿ. ಅದನ್ನು ಜರಡಿ ಹಿಡಿಯಲೇಬೇಕು. ಅಗ್ಗದ ಚೀಲಗಳಲ್ಲಿ ಮರದ ಚಕ್ಕೆಗಳೇ ಹೆಚ್ಚು. ಇಷ್ಟು ಸಣ್ಣ ಬೀಜ ಅವುಗಳ ಸಂದಿಗೆ ಜಾರಿ ಕತ್ತಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲ್ಭಾಗವನ್ನು ಹಲಗೆಯ ತುಂಡಿನಿಂದ ಸಮ ಮಾಡಿ. ಒಂದು ಚಿಟಿಕೆ ಬೀಜಕ್ಕೆ ಎರಡು ಚಮಚ ಒಣ ಮರಳು ಬೆರೆಸಿ, ರಂಗೋಲಿ ಪುಡಿ ಬಿಡುವಂತೆ ಬೆರಳ ಸಂದಿಯಿಂದ ಉದುರಿಸಿ. ಎಲ್ಲಿ ಬಿದ್ದಿದೆ, ಎಲ್ಲಿಲ್ಲ ಎಂಬುದನ್ನು ಮರಳೇ ತೋರಿಸುತ್ತದೆ. ಬಳಿಕ ಅದೇ ಹಲಗೆಯಿಂದ ಮೆಲ್ಲಗೆ ಒತ್ತಿ, ಬಿಟ್ಟುಬಿಡಿ. ಮೇಲೆ ಒಂದು ಹಿಡಿ ಮಣ್ಣೂ ಬೇಡ.

ಮೇಲಿನಿಂದ ನೀರು ಹೊಯ್ದರೆ ಬೀಜವೆಲ್ಲ ಮೂಲೆಗೆ ಕೊಚ್ಚಿಹೋಗುತ್ತದೆ. ಟ್ರೇಯನ್ನು ಒಂದಂಗುಲ ನೀರಿನಲ್ಲಿಡಿ. ಮೇಲ್ಮಣ್ಣು ಕಪ್ಪಾಗುತ್ತಲೇ ಎತ್ತಿ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. ಎರಡು ಮೂರು ವಾರದಲ್ಲಿ ಹಸಿರು ಚುಕ್ಕೆಗಳು ಕಂಡ ದಿನವೇ ಹೊದಿಕೆ ತೆಗೆಯಿರಿ, ಇಲ್ಲದಿದ್ದರೆ ಸಸಿಗಳು ಬುಡದಲ್ಲಿ ಕೊಳೆತು ಮಲಗುತ್ತವೆ.

ಬಿತ್ತುವ ತಾಳ್ಮೆ ಇಲ್ಲದವರು ಸೆಪ್ಟೆಂಬರಿನಲ್ಲಿ ಸಣ್ಣ ಸಸಿ ಕೊಳ್ಳಲಿ. ಜೂನಿನಲ್ಲಿ ಹೂಬಿಟ್ಟ ಗಿಡಕ್ಕೆ ದುಡ್ಡು ಕೊಡಬೇಡಿ. ಇದು ಎರಡು ವರ್ಷದ ಗಿಡ, ಬೀಜ ಕಟ್ಟಿ ಸಾಯುತ್ತದೆ. ಡಬ್ಬಿಯಲ್ಲಿ ಬರುವ ‘ಕಾಡುಹೂವಿನ ಮಿಶ್ರಣ’ವಂತೂ ಬೇಡವೇ ಬೇಡ. ನಾನು ತಂದದ್ದರಲ್ಲಿ ಬಹುಪಾಲು ಹೊಟ್ಟೇ ಇತ್ತು.

ನಾಲ್ಕೆಲೆ ಮೂಡಿದಾಗ ಸಸಿಗಳನ್ನು ಕುಂಡಕ್ಕೆ ಬದಲಿಸಿ, ಸೆಪ್ಟೆಂಬರಿನಲ್ಲಿ ಅರೆನೆರಳಿನ, ನೀರು ನಿಲ್ಲದ ಪಾತಿಗೆ ಒಂದೂವರೆ ಅಡಿಗೊಂದರಂತೆ ನೆಡಿ.

ಮೊದಲ ವರ್ಷ ಬರೀ ಎಲೆ. ನವಿರು ರೋಮದ ಎಲೆಗಳು ನೆಲಕ್ಕಂಟಿ ಹರಡುತ್ತವೆ. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ದೊಡ್ಡಪತ್ರೆಯ ಜಾತಿಯೇ ಇರಬೇಕೆಂದು ತಂಬುಳಿಗೆ ಕೀಳಲು ಬಗ್ಗಿದ್ದರು. ಓಡಿಹೋಗಿ ಕೈ ಹಿಡಿದೆ. ಎಲೆ, ಹೂ, ಬೀಜ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದು. 1785ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗ್ ಇದರ ಔಷಧಗುಣವನ್ನು ಬರೆದಿಟ್ಟಾಗ, ಪ್ರಮಾಣ ಮೀರಿದರೆ ಏನಾಗುತ್ತದೆ ಎಂಬುದನ್ನೂ ಬರೆದಿದ್ದರು. ಸೊಪ್ಪಿನ ಮಡಿಯ ಬಳಿ ನೆಡಲೇಬೇಡಿ. ಕೈಗವಸು ಹಾಕಿಕೊಂಡೇ ಮುಟ್ಟಿ. ಪುಟ್ಟ ಮಕ್ಕಳಿರುವ ಮನೆಗೆ ಈ ಗಿಡವೇ ಬೇಡ.

ಮರುವರ್ಷ ಜೂನಿನಲ್ಲಿ ಆಳೆತ್ತರದ ದಂಟು ಏಳುತ್ತದೆ. ಹೂಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತವೆ. ದುಂಬಿಯೂ ಕೆಳಗಿನಿಂದಲೇ ಹತ್ತುತ್ತದೆ. ಹೂವಿನೊಳಗಿನ ಚುಕ್ಕೆಗಳ ಮೇಲೆ ತೆವಳಿ ಅದು ಒಳಹೊಕ್ಕಾಗ ಹೂವಿಗೆ ಹೂವೇ ಗುಂಯ್‌ಗುಡುತ್ತದೆ. ಹೊಸ ತಳಿಗಳೆಷ್ಟಿದ್ದರೂ ಹಳೆಯ ನೇರಳೆ, ಬಿಳಿಗಳೇ ಚೆಂದ.

ಹೂ ಮುಗಿದ ದಂಟುಗಳನ್ನು ಕತ್ತರಿಸಿದರೆ ಪಕ್ಕದಿಂದ ಸಣ್ಣ ದಂಟುಗಳು ಬರುತ್ತವೆ. ಒಂದನ್ನು ಮಾತ್ರ ಬೀಜಕ್ಕೆ ಬಿಡಿ. ಉದುರಿದ ಬೀಜ ಬುಡದಲ್ಲೇ ಮೊಳೆಯುತ್ತದೆ. ಬಿಳಿ ಹೂವೇ ಬೇಕೆಂದರೆ ಆ ಸಸಿಗಳ ಎಲೆತೊಟ್ಟು ನೋಡಿ: ನೇರಳೆ ಛಾಯೆ ಇದ್ದವನ್ನು ಕಿತ್ತು, ಹಸಿರು ತೊಟ್ಟಿನವನ್ನು ಉಳಿಸಿಕೊಳ್ಳಿ.