ಡೇರಿ ಪಾಸ್‌ಬುಕ್ಕಿನಿಂದ ಶುರುವಾದ ಕಾಸ್ಟಿಂಗ್ ಕ್ಲಾಸು

ನಾನು ಹಾಸನದ ಕಡೆ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್, ಅಂದರೆ ಒಂದು ವಸ್ತು ಮಾಡಲು ತಗಲುವ ವೆಚ್ಚದ ಲೆಕ್ಕ, ಹೇಳಿಕೊಡುತ್ತೇನೆ. "ಈ ಮಕ್ಕಳಿಗೆ ಅದೆಲ್ಲ ಹತ್ತಲ್ಲ ಮೇಷ್ಟ್ರೇ, ಗೈಡ್ ಓದ್ಸಿ ಪಾಸ್ ಮಾಡ್ಸಿ ಸಾಕು" ಎಂದಿದ್ದವರೇ ಈಗ ಫೇಲ್ ಆಗುವವರು ಕಡಿಮೆಯಾದದ್ದು ನೋಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಮೊದಲು ದಂಡವಾದ ದುಡ್ಡಿನ ಲೆಕ್ಕ. ಕೈಯಿಂದ ಸುಮಾರು 14 ಸಾವಿರ ಹಾಕಿ ಪ್ರೊಜೆಕ್ಟರ್ ತಂದೆ. ಕಿಟಕಿ ಮುಚ್ಚಿದರೆ ಹಿಂದಿನ ಬೆಂಚು ನಿದ್ದೆ, ತೆಗೆದರೆ ಪರದೆ ಕಾಣಲ್ಲ. ಟೆಸ್ಟಿಗೆ 500 ರೂಪಾಯಿ ಬಹುಮಾನ ಇಟ್ಟೆ. ಪ್ರತಿ ಸಲ ಅದೇ ಮೂವರಿಗೆ ಹೋಯಿತು, ಉಳಿದವರು ಪ್ರಯತ್ನವನ್ನೇ ಬಿಟ್ಟರು. ನಾಲ್ಕೈದು ಸಾವಿರ ಕೊಟ್ಟು ಸ್ಫೂರ್ತಿ ಭಾಷಣ ಮಾಡಿಸಿದೆವು. ಮರುದಿನ 60ರಲ್ಲಿ ಬಂದದ್ದು ಇಪ್ಪತ್ತು ಚಿಲ್ಲರೆ. ಇಂಟರ್ನಲ್ ಮಾರ್ಕ್ಸ್ ಹಿಡಿದು ಹೆದರಿಸಿದ ವರ್ಷ ಕಾರಿಡಾರಿನಲ್ಲಿ ನಮಸ್ಕಾರ ಜಾಸ್ತಿಯಾಯಿತು, ಕ್ಲಾಸಿನಲ್ಲಿ ಪ್ರಶ್ನೆ ಕೇಳುವವರೇ ಉಳಿಯಲಿಲ್ಲ.

ಆಮೇಲೆ ಪುಸ್ತಕದ ಸೋಪ್ ಫ್ಯಾಕ್ಟರಿ ಉದಾಹರಣೆ ಬಿಟ್ಟೆ. ಮನೆಯ ಡೇರಿ ಪಾಸ್‌ಬುಕ್ ತನ್ನಿ, ಒಂದು ಲೀಟರ್ ಹಾಲಿಗೆ ಕಾಸ್ಟ್ ಶೀಟ್ (ಖರ್ಚಿನ ಪಟ್ಟಿ) ಮಾಡೋಣ ಅಂದೆ. ಹಸು ಇಲ್ಲದವರು ಟೀ ಅಂಗಡಿ, ಟೈಲರಿಂಗ್ ಲೆಕ್ಕ ತಂದರು. ಬೂಸಾ, ಹಿಂಡಿ, ಡಾಕ್ಟರ್ ಖರ್ಚು, ಹಸುವಿನ ಸವಕಳಿ (ವರ್ಷ ಕಳೆದಂತೆ ಇಳಿಯುವ ಅದರ ಬೆಲೆ) ಎಲ್ಲ ಬೋರ್ಡಿಗೆ ಬಂತು. ಫ್ಯಾಟ್ ನೋಡಿ ಡೇರಿ ಕೊಡುವ ರೇಟು, ಅದರ ಮೇಲೆ ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಬಂತು.

ಕೊನೆ ಬೆಂಚಿನ ಒಬ್ಬಳು, ಅಲ್ಲೀತನಕ ಬಾಯೇ ಬಿಡದವಳು, ಎದ್ದು ನಿಂತಳು. ಪುಸ್ತಕದಲ್ಲಿ 'ಕೂಲಿ' ಅಂತ ಪೆನ್ಸಿಲಿನಲ್ಲಿ ಬರೆದು ಎದುರಿಗೆ ಖಾಲಿ ಬಿಟ್ಟಿದ್ದಳು. "ಸರ್, ಅಮ್ಮ ನಾಲ್ಕೂವರೆಗೆ ಎದ್ದು ಹಾಲು ಕರೀತಾರೆ. ಅವರ ಕೂಲಿ ಎಷ್ಟು ಹಾಕ್ಲಿ?"

ಹನ್ನೊಂದು ವರ್ಷದ ಸರ್ವಿಸಿನಲ್ಲಿ ಇದನ್ನು ನಾನು ಯೋಚಿಸಿರಲಿಲ್ಲ. "ಗೊತ್ತಿಲ್ಲಮ್ಮ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ" ಅಂದೆ. ಮರುದಿನ ಎರಡು ಥರದ ಲೆಕ್ಕವನ್ನೂ ಬೋರ್ಡಿನಲ್ಲಿ ಬರೆದೆ. ಕಾಸ್ಟ್ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಕೈಯಿಂದ ಕೊಡದ ಕೂಲಿ ಸೇರುವುದಿಲ್ಲ. ಆದರೆ ಬೆಳೆಗಳ ಬೆಂಬಲ ಬೆಲೆಗೆ ಕೇಂದ್ರದ ಆಯೋಗ ಹಿಡಿಯುವ ಎ2+ಎಫ್‌ಎಲ್ (ಕೈಯಿಂದ ಕೊಟ್ಟ ಖರ್ಚು + ಮನೆಯವರ ದುಡಿಮೆ) ಲೆಕ್ಕದಲ್ಲಿ ಮನೆಯವರ ದುಡಿಮೆಯೂ ಸೇರುತ್ತದೆ. ಅಮ್ಮನ ಕೂಲಿ ಸೇರಿಸಿದ ಕೂಡಲೇ ಅವಳ ಮನೆಯಲ್ಲಿ ಲೀಟರಿಗೆ ಐದಾರು ರೂಪಾಯಿ ಲಾಭ ಹೋಗಿ ಎರಡು ಮೂರು ರೂಪಾಯಿ ನಷ್ಟ ಬಂತು. ಬಸ್ ಟೈಮ್ ಆಗುವವರೆಗೂ ವಾದ ನಿಲ್ಲಲಿಲ್ಲ. ಮಕ್ಕಳು ನನ್ನನ್ನು ನೋಡುವ ರೀತಿ ಬದಲಾದದ್ದು ಆ 'ಗೊತ್ತಿಲ್ಲ'ದಿಂದಲೇ ಅಂತ ನನ್ನ ನಂಬಿಕೆ.

ಇನ್ನೊಂದು, ಟೆಸ್ಟ್ ಪೇಪರ್ ಎರಡೇ ದಿನದಲ್ಲಿ ವಾಪಸ್. ಪ್ರತಿ ಪೇಪರಿನಲ್ಲೂ ಅವರದೇ ತಪ್ಪಿನ ಬಗ್ಗೆ ಒಂದು ಸಾಲು. ಎರಡು ರಾತ್ರಿ ಕೂರಬೇಕು. ಯಾರ ಪೇಪರ್ ಮೊದಲು ಕೊಡುತ್ತೇನೆ ಅನ್ನೋದರಲ್ಲಿ ಒಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವುದನ್ನೂ ಬಿಟ್ಟೆ. 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ತುಂಬಿಕೊಂಡೇ ಬರುತ್ತವೆ, ನಮ್ಮ ಹುಡುಗೀರ ಸ್ಟಾಪಿನಲ್ಲಿ ಎಷ್ಟೋ ಸಲ ನಿಲ್ಲಿಸುವುದೇ ಇಲ್ಲ. ಅದಕ್ಕೆ ಮೊದಲ ಹತ್ತು ನಿಮಿಷ ಹಳೇ ಲೆಕ್ಕ ತಿದ್ದುತ್ತೇವೆ, ಹೊಸ ಪಾಠ ಆಮೇಲೆ.

ನಡುವೆ ಹಾಲಿನ ಬದಲು ಶುಂಠಿ ಬೆಳೆಯ ಲೆಕ್ಕವನ್ನೂ ಪ್ರಯತ್ನಿಸಿದೆ. ರೇಟು ವಾರಕ್ಕೊಂದು ಥರ, ಶೀಟ್ ಮುಗಿಯಲೇ ಇಲ್ಲ. ಆದರೆ ಬ್ರೇಕ್ ಈವನ್ (ಲಾಭವೂ ಇಲ್ಲದ, ನಷ್ಟವೂ ಇಲ್ಲದ ಹಂತ) ಹೇಳೋಕೆ ಅದರಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಅರ್ಧಕ್ಕರ್ಧ ಫೇಲ್ ಆಗುತ್ತಿದ್ದರು, ಹೋದ ಸಲ ಐದೋ ಆರೋ ಜನ. ಖರ್ಚು ಸೆಮಿಸ್ಟರಿಗೆ ಮುನ್ನೂರು ರೂಪಾಯಿ ಜೆರಾಕ್ಸ್. ಆ ಹುಡುಗಿಯನ್ನು ಕೇಳಿಯೇ ಅವಳ ಶೀಟಿನ ಒಂದು ಪ್ರತಿ ಬೀರುವಿನಲ್ಲಿಟ್ಟಿದ್ದೇನೆ. ಹೊಸ ಬ್ಯಾಚಿಗೆ ಅದರಿಂದಲೇ ಶುರು ಮಾಡುತ್ತೇನೆ, ಕೂಲಿಯ ಜಾಗ ಖಾಲಿ ಬಿಟ್ಟು.