ಸಿಟಿ ಬರೆಯುವ ಮೊದಲು ನಾನು ನೋಡುವ ಪುಟ

ಸಿಟಿ ಸ್ಕ್ಯಾನ್ ಮುಗಿದ ಮೇಲೆ ಮೆಷಿನ್ ಒಂದು ಡೋಸ್ ಪುಟವನ್ನೂ ಕೊಡುತ್ತದೆ, ಅಂದರೆ ಎಷ್ಟು ವಿಕಿರಣ ಬಳಕೆಯಾಯಿತು ಅನ್ನುವ ಲೆಕ್ಕ. ಸಾಮಾನ್ಯವಾಗಿ ಸಿಡಿಯಲ್ಲಿ ಚಿತ್ರಗಳ ಜೊತೆಗೇ ಇರುತ್ತದೆ. ನಮ್ಮಂಥ ಫಿಸಿಶಿಯನ್‌ಗಳು ಆ ಕಡೆ ಕಣ್ಣು ಹಾಯಿಸುವುದೇ ಅಪರೂಪ. ನನಗೆ ಅದನ್ನು ಓದುವ ಅಭ್ಯಾಸ ಹತ್ತಿಸಿದ್ದು ಕಿಡ್ನಿ ಕಲ್ಲಿನ ರೋಗಿಗಳು. ಕಲ್ಲು ಒಂದು ಸಲ ಬಂದು ಸುಮ್ಮನಾಗುವುದಿಲ್ಲವಲ್ಲ. ನೋವು ಬಂದಾಗಲೆಲ್ಲ ಬೇರೆ ಆಸ್ಪತ್ರೆ, ಬೇರೆ ಡಾಕ್ಟರು, ಹೊಸ ಸಿಟಿ.

ನಾನು ನೋಡುವುದು ಡಿಎಲ್‌ಪಿ ಅನ್ನುವ ಅಂಕಿಯನ್ನು, ಅಂದರೆ ಇಡೀ ಸ್ಕ್ಯಾನಿನಲ್ಲಿ ಮೆಷಿನ್ ಕೊಟ್ಟ ಒಟ್ಟು ವಿಕಿರಣದ ಅಳತೆ. ದೊಡ್ಡವರ ಹೊಟ್ಟೆಯ ಸಿಟಿಯಾದರೆ ಅದನ್ನು 0.015ರಿಂದ ಗುಣಿಸಿದರಾಯಿತು, ಮೈಗೆ ಬಿದ್ದ ವಿಕಿರಣ ಅಂದಾಜು ಎಷ್ಟು ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ಅಂತ ಸಿಗುತ್ತದೆ. ಒಬ್ಬ ಯುವ ಲಾರಿ ಡ್ರೈವರ್ ತಂದ ಹಳೆಯ ಸಿಡಿಯಲ್ಲಿ 620 ಇತ್ತು. ಅಂದರೆ 9.3. ನೆಲ, ಗಾಳಿ, ಆಕಾಶದಿಂದ ಸುಮ್ನೆ ಬದುಕಿದ್ದಕ್ಕೇ ಬರುವ ವಿಕಿರಣ ವರ್ಷಕ್ಕೆ ಸರಾಸರಿ 2.4. ಎದೆಯ ಎಕ್ಸ್‌ರೇಗೆ 0.02ರ ಆಸುಪಾಸು.

"ಸರ್, ಸಿಟಿನೇ ಬರೆದ್ಬಿಡಿ, ಎಲ್ಲಾ ಗೊತ್ತಾಗುತ್ತೆ" ಅಂದ ಆ ಡ್ರೈವರ್. ಜ್ವರ ಇರಲಿಲ್ಲ, ಮೂತ್ರ ಹೋಗುತ್ತಿತ್ತು. ಮೊದಲು ಅಲ್ಟ್ರಾಸೌಂಡ್ ಮಾಡಿಸಿದೆ, ಅದರಲ್ಲಿ ವಿಕಿರಣವೇ ಇಲ್ಲ. ಎಡಗಡೆ ಕಿಡ್ನಿ ಸ್ವಲ್ಪ ಊದಿತ್ತು, ಆದರೆ ಕಲ್ಲು ಎಲ್ಲಿದೆ ಅಂತ ಕಾಣಲಿಲ್ಲ. ಆಮೇಲೆ ಸಿಟಿ ಬರೆದೆ. ಚೀಟಿಯಲ್ಲಿ "ಕಲ್ಲಿಗಾಗಿ, ಲೋ ಡೋಸ್, ಪ್ಲೇನ್ ಮಾತ್ರ" ಅಂತ ಸ್ಪಷ್ಟವಾಗಿ ಸೇರಿಸಿದೆ. ಬರೀ "ಸಿಟಿ ಹೊಟ್ಟೆ" ಅಂತ ಗೀಚಿದರೆ, ಪ್ಲೇನ್ ಸಿಟಿಯಲ್ಲಿ ಇಲ್ಲದ ಕಾಂಟ್ರಾಸ್ಟ್ (ಅಂಗಗಳು ಎದ್ದು ಕಾಣಲು ಕೊಡುವ ಔಷಧಿ) ಹಾಕಿ ಎರಡು ಮೂರು ಸುತ್ತು ತೆಗೆಯುವ ಸಾಧ್ಯತೆ ಇರುತ್ತದೆ. ಪ್ರತಿ ಸುತ್ತಿಗೂ ಡೋಸ್ ಬೇರೆ. ಟೆಕ್ನಿಶಿಯನ್‌ಗೆ ಫೋನ್ ಕೂಡ ಮಾಡಿದೆ. ಈ ಸಲ ಡಿಎಲ್‌ಪಿ 190, ಅಂದರೆ ಮೂರು ಮಿಲಿಸೀವರ್ಟ್‌ನೊಳಗೆ. ಚಿತ್ರ ಸ್ವಲ್ಪ ಮರಳು ಮರಳಾಗಿತ್ತು, ಆದರೆ ಕಲ್ಲು ಬೆಳ್ಳಗೆ ಎದ್ದು ಕಾಣುತ್ತಿತ್ತು. ನಮಗೆ ಬೇಕಾಗಿದ್ದು ಅಷ್ಟೇ ಅಲ್ವಾ?

ತುಂಬಾ ದಪ್ಪಗಿರುವವರಲ್ಲಿ ಈ ಲೋ ಡೋಸ್ ಚಿತ್ರ ಇಷ್ಟು ಚೆನ್ನಾಗಿ ಬರುವುದಿಲ್ಲ. ತಲೆಗೆ ಪೆಟ್ಟು ಬಿದ್ದು ವಾಂತಿ ಮಾಡುತ್ತಿರುವವರ ಮುಂದೆ ನಾನು ಕ್ಯಾಲ್ಕುಲೇಟರ್ ತೆಗೆಯುವುದೂ ಇಲ್ಲ. ಹಿಂದೆ ಡೋಸ್ ಜಾಸ್ತಿ ಆಗಿದೆ ಅಂತ ಇಂದು ಬೇಕಾದ ಸಿಟಿಯನ್ನು ನಿಲ್ಲಿಸುವುದು ತಪ್ಪು ಲೆಕ್ಕ. ಹಳೆಯ ಸಿಡಿ ಕೇಳುವುದು ಬೇರೆ ಕಾರಣಕ್ಕೆ: ಎಷ್ಟೋ ಸಲ ನನ್ನ ಪ್ರಶ್ನೆಗೆ ಉತ್ತರ ಹೋದ ತಿಂಗಳ ಸ್ಕ್ಯಾನಿನಲ್ಲೇ ಇರುತ್ತದೆ.