ವಾಂತಿ-ಭೇದಿ ಮನೆಯವರಿಗೆಲ್ಲ ಹರಡದ ಹಾಗೆ ನಾನು ಮಾಡಿದ್ದು

ನಮ್ಮ ಕುಮಟಾ ಕಡೆ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ಮೊದಲ ಪ್ರಶ್ನೆ, 'ನಿನ್ನೆ ಏನು ತಿಂದಿದ್ದೆ?' ಮಗನಿಗೆ ಶುರುವಾದಾಗ ಅತ್ತೆ ಹಿಂದಿನ ದಿನದ ಬಳಚಿಗೆ, ಅಂದರೆ ಚಿಪ್ಪಿನ ಮೀನಿಗೆ, ಬೈದರು. ಅರೆಬೆಂದ ಬಳಚಿನಿಂದಲೂ ಬರುತ್ತದೆ, ಸುಳ್ಳಲ್ಲ. ಆದರೆ ಅದನ್ನು ತಿಂದ ನಾವೆಲ್ಲ ಗಟ್ಟಿಮುಟ್ಟಾಗಿದ್ದೆವು, ಅವನ ಕ್ಲಾಸಿನ ಮಕ್ಕಳು ಮಾತ್ರ ಒಬ್ಬರ ಹಿಂದೊಬ್ಬರು ಮಲಗಿದ್ದರು. ಡಾಕ್ಟರೂ ವೈರಸ್ ಇರಬೇಕು ಅಂದರು.

ಇಂಥದ್ದಕ್ಕೆ ಹೆಚ್ಚಾಗಿ ಕಾರಣ ನೊರೊವೈರಸ್, ಕೂಸುಗಳಲ್ಲಿ ರೋಟಾವೈರಸ್ ಕೂಡ. ನೊರೊ ಹೊಟ್ಟೆಗೆ ಹೋದ 12ರಿಂದ 48 ಗಂಟೆಯಲ್ಲಿ ವಾಂತಿ ಶುರು, ಹೆಚ್ಚಿನವರಿಗೆ 1ರಿಂದ 3 ದಿನದಲ್ಲಿ ತಾನಾಗೇ ಇಳಿಯುತ್ತದೆ. ಆಂಟಿಬಯೋಟಿಕ್ ನುಂಗಿ ಉಪಯೋಗವಿಲ್ಲ.

ನನ್ನ ಪ್ರಕಾರ ಇದನ್ನು ತಡೆಯಬೇಕಾದದ್ದು ಅಡುಗೆಮನೆಗಿಂತ ಜಾಸ್ತಿ ಬಚ್ಚಲಲ್ಲಿ. ವಾಂತಿ ಮಾಡಿದ ಜಾಗ, ನಲ್ಲಿಯ ತಿರುಪು, ಎಲ್ಲರೂ ಕೈ ಒರೆಸುವ ಒಂದೇ ಟವೆಲ್, ಚೊಂಬಿನ ಕಂಠ, ಇಲ್ಲಿಂದಲೇ ಅದು ಕೈಗೆ ಹತ್ತಿ ಬಾಯಿಗೆ ಹೋಗೋದು. ಫಿನಾಯಿಲ್ ವಾಸನೆ ಬಂದರೆ ಚೊಕ್ಕ ಆಯ್ತು ಅಂತ ನಮ್ಮ ಜನರ ನಂಬಿಕೆ, ಇದಕ್ಕೆ ಅದು ಸಾಲದು. ನಾನು ಮೊದಲು ಹಳೇ ಪೇಪರ್ ಹಾಕಿ ಬಳಿದು ಚೀಲಕ್ಕೆ ತುಂಬಿ ಕಟ್ಟಿದೆ. ಆಮೇಲೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಕಲಸಿ, ತಿಳಿ ನೀರನ್ನು ಸುರಿದು ಹತ್ತು ನಿಮಿಷ ಬಿಟ್ಟು ತೊಳೆದೆ. ಕೈಗೆ ಗ್ಲೌಸ್ ಬೇಕು, ಕಿಟಕಿ ತೆಗೆದಿರಬೇಕು, ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಯಾವತ್ತೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ನಮ್ಮ ಕೆಂಪು ಗಾರೆ ನೆಲದಲ್ಲಿ ಒಂದು ಬಿಳಿ ಮಚ್ಚೆ ಉಳಿದಿದೆ. ಇರಲಿ ಬಿಡಿ.

ಮೈದುನ ಸ್ಯಾನಿಟೈಸರ್ ಬಾಟಲಿ ತಂದಿಟ್ಟ. ನೊರೊಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ಹರಿಯುವ ನೀರಲ್ಲಿ ತೊಳೆಯೋದೇ ಸರಿ. ತೊಳೆದ ಕೈಗೆ ಮತ್ತೆ ಹತ್ತದಿರಲಿ ಅಂತ ಆ ಒಂದೇ ಟವೆಲ್ ತೆಗೆದಿಟ್ಟು ಒಬ್ಬೊಬ್ಬರಿಗೆ ಒಂದೊಂದು ಪಂಚೆಯ ತುಂಡು ಕೊಟ್ಟೆ. ಅತ್ತೆ ನಕ್ಕರು, ಆದರೂ ಇಟ್ಟುಕೊಂಡರು.

ಮಗನಿಗೆ ಕೊಟ್ಟದ್ದು ನೀರಿಗೆ ಕಲಸುವ ಉಪ್ಪು-ಸಕ್ಕರೆಯ ಪುಡಿ, ಓಆರ್‌ಎಸ್. ಆ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಅರ್ಧ ಪುಡಿ ಒಂದು ಲೋಟಕ್ಕೆ ಅಂತ ಸುಮ್ನೆ ಅಂದಾಜು ಮಾಡಿದರೆ ಕಲಸಿದ ನೀರು ತೀರ ಗಟ್ಟಿಯಾಗಿ ಭೇದಿ ಜಾಸ್ತಿಯಾಗಬಹುದು. ಪೊಟ್ಟಣ ಇಲ್ಲದಿದ್ದರೆ ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎಲ್ಲ ಸಪಾಟಾಗಿ. ಕುಡಿದ ಕೂಡಲೇ ಕಕ್ಕಿದ, ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಟ್ಟೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಉಪ್ಪಿನಂಶ ಕಡಿಮೆ, ಓಆರ್‌ಎಸ್ ಬದಲಿಗೆ ಆಗದು. ಹಸಿವಾದಾಗ ಕುಚ್ಚಲಕ್ಕಿ ಗಂಜಿ, ಉಪ್ಪು ಹಾಕಿ.

ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಅಂಟಿತು. ಅತ್ತೆಗೆ, ಮೈದುನನ ಕೂಸಿಗೆ ಬರಲಿಲ್ಲ. ಕೂಸಿಗೆ 6, 10, 14ನೇ ವಾರದಲ್ಲಿ ರೋಟಾ ಹನಿ ಹಾಕಿಸಿದ್ದಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅದು ನೊರೊ ತಡೆಯುವುದಿಲ್ಲ, ಹಾಗಾಗಿ ಕೂಸನ್ನು ಅಜ್ಜಿ ಕೋಣೆಯಲ್ಲೇ ಇಟ್ಟಿದ್ದೆವು.

ನಮ್ಮವರು ಎದ್ದ ಮಾರನೇ ಬೆಳಿಗ್ಗೆಯೇ ದೋಸೆ ಹೊಯ್ಯಲು ಬಂದರು. ವಾಂತಿ-ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬಾರದು, ಹೊರಗೆ ಕಳಿಸಿದೆ. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಏನೂ ಕುಡಿಯದಿದ್ದರೆ ಮನೆಮದ್ದು ನೋಡುತ್ತ ಕೂರಬೇಡಿ, ರಾತ್ರಿಯಾದರೂ ಗಾಡಿ ಹತ್ತಿಸಿ.